ಅಂಕಪಟ್ಟಿಯಿಲ್ಲದ ಪರೀಕ್ಷೆ

2024ರ ಡಿಸೆಂಬರ್ 4, ಬುಧವಾರ. ದೇಶದ 781 ಜಿಲ್ಲೆಗಳ 74,229 ಶಾಲೆಗಳಲ್ಲಿ ಅಂದು ಬೆಳಗಿನ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಹೊಸ ಮುಖವೊಂದು ಬಂದು ನಿಂತಿತ್ತು. ಕೈಯಲ್ಲಿ ಮೊಹರು ಮಾಡಿದ ಪೊಟ್ಟಣ. ಮೂರನೇ, ಆರನೇ ಅಥವಾ ಒಂಬತ್ತನೇ ತರಗತಿಯ ಮಕ್ಕಳನ್ನು ಒಂದು ಕೋಣೆಯಲ್ಲಿ ಕೂರಿಸಿ, ಪಾಠ ಹೇಳುವ ಮೇಷ್ಟ್ರನ್ನು ಹೊರಗೆ ಕಳಿಸಿ, ಆ ಹೊಸಬರೇ ಪ್ರಶ್ನೆಪತ್ರಿಕೆ ಹಂಚಿದರು. ಹೀಗೆ ಒಂದೇ ದಿನ ಉತ್ತರ ಬರೆದವರು 21 ಲಕ್ಷಕ್ಕೂ ಹೆಚ್ಚು ಮಕ್ಕಳು. ಇವರಲ್ಲಿ ಯಾರಿಗೂ ಅಂಕಪಟ್ಟಿ ಬರಲಿಲ್ಲ. ಯಾರೂ ಪಾಸಾಗಲಿಲ್ಲ, ಯಾರೂ ನಪಾಸಾಗಲಿಲ್ಲ.

ಇದು ರಾಷ್ಟ್ರೀಯ ಸಾಧನಾ ಸಮೀಕ್ಷೆ. 2024ರ ಸುತ್ತಿಗೆ ‘ಪರಖ್ ರಾಷ್ಟ್ರೀಯ ಸರ್ವೇಕ್ಷಣ’ ಎಂಬ ಹೊಸ ಹೆಸರು ಬಂತು. ಹೆಸರು ಯಾವುದಾದರೂ ಕೇಳುವ ಪ್ರಶ್ನೆ ಒಂದೇ: ಶಾಲೆಗೆ ಹೋಗುವ ಮಕ್ಕಳು ಕಲಿಯಬೇಕಾದದ್ದನ್ನು ಕಲಿಯುತ್ತಿದ್ದಾರೆಯೇ? ಎಸ್ಸೆಸ್ಸೆಲ್ಸಿ ಪರೀಕ್ಷೆ ಒಬ್ಬ ಹುಡುಗಿಯ ಭವಿಷ್ಯ ನಿರ್ಧರಿಸುತ್ತದೆ. ಈ ಪರೀಕ್ಷೆಯಲ್ಲಿ ಆ ಹುಡುಗಿ ನೆಪ ಮಾತ್ರ. ಇಲ್ಲಿ ಪರೀಕ್ಷೆಗೆ ಕುಳಿತಿರುವುದು ಅವಳ ಜಿಲ್ಲೆ, ಅವಳ ರಾಜ್ಯ.

ಅನ್ನ ಬೆಂದಿದೆಯೇ ಎಂದು ನೋಡಲು ಗೃಹಿಣಿ ಪಾತ್ರೆಯಲ್ಲಿರುವ ಅನ್ನವನ್ನೆಲ್ಲ ಹಿಚುಕುವುದಿಲ್ಲ. ನಾಲ್ಕು ಅಗುಳು ಸಾಕು. ಸಮೀಕ್ಷೆಯ ತರ್ಕವೂ ಇದೇ. ಆದರೆ ಅಗುಳನ್ನು ಎಲ್ಲಿಂದ ತೆಗೆಯಬೇಕು ಎಂಬುದರಲ್ಲಿ ಇಡೀ ಗುಟ್ಟಿದೆ. ಮೇಲಿನದ್ದು ಬೆಂದು ತಳದ್ದು ಸೀದಿರಬಹುದು. ಹೀಗಾಗಿ ದೇಶದ ಎಲ್ಲ ಶಾಲೆಗಳ ಮಾಹಿತಿಯಿರುವ ಯುಡೈಸ್ ಪಟ್ಟಿಯನ್ನು ಮುಂದಿಟ್ಟುಕೊಂಡು ಶಾಲೆಗಳನ್ನು ಸರ್ಕಾರಿ, ಅನುದಾನಿತ, ಖಾಸಗಿ, ಕೇಂದ್ರ ಸರ್ಕಾರದ ಶಾಲೆ ಎಂದು ವಿಂಗಡಿಸಿ, ಅವುಗಳಿಂದ ಜಿಲ್ಲಾವಾರು ಲಾಟರಿ ಎತ್ತಿದಂತೆ ಆಯ್ಕೆ ಮಾಡುತ್ತಾರೆ. ಮುಖ್ಯೋಪಾಧ್ಯಾಯರು ‘ನಮ್ಮ ಶಾಲೆ ಚೆನ್ನಾಗಿದೆ, ನಮ್ಮದನ್ನು ಸೇರಿಸಿ’ ಎನ್ನುವಂತಿಲ್ಲ. ‘ನಮಗೆ ಬೇಡ’ ಎಂದು ಬಿಇಒ ಅವರಲ್ಲಿ ಅಂಗಲಾಚಿಯೂ ಪ್ರಯೋಜನವಿಲ್ಲ.

ಶಾಲೆಯೊಳಗೂ ಲಾಟರಿ ಮುಂದುವರಿಯುತ್ತದೆ. ಒಂದೇ ತರಗತಿಗೆ ಎ, ಬಿ, ಸಿ ಎಂದು ಮೂರು ವಿಭಾಗಗಳಿದ್ದರೆ ಒಂದನ್ನು ಆರಿಸಲಾಗುತ್ತದೆ. ಆ ವಿಭಾಗದಲ್ಲಿ 30ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಹಾಜರಿ ಪುಸ್ತಕ ನೋಡಿ 30 ಮಂದಿಯನ್ನು ಮಾತ್ರ ತೆಗೆದುಕೊಳ್ಳಲಾಗುತ್ತದೆ. ಈ ಆಯ್ಕೆ ಮಾಡುವವರು ಕ್ಷೇತ್ರ ಪರಿವೀಕ್ಷಕರು. ಡಯಟ್‌ಗಳಲ್ಲಿ ಅಥವಾ ಬಿ.ಇಡಿ. ಕಾಲೇಜುಗಳಲ್ಲಿ ಓದುತ್ತಿರುವ ಭಾವಿ ಶಿಕ್ಷಕರೇ ಬಹುಪಾಲು ಈ ಕೆಲಸಕ್ಕೆ ಬರುತ್ತಾರೆ. ಇನ್ನೂ ಸ್ವತಃ ಪರೀಕ್ಷೆ ಬರೆಯುತ್ತಿರುವ ವಯಸ್ಸಿನವರು, ಇಪ್ಪತ್ತು ವರ್ಷ ಸೇವೆ ಮಾಡಿದ ಮುಖ್ಯೋಪಾಧ್ಯಾಯರಿಗೆ ‘ಸರ್, ನೀವು ಸ್ವಲ್ಪ ಹೊರಗಿರಬೇಕು’ ಎನ್ನಬೇಕಾದ ಪ್ರಸಂಗ! ಅವರ ಮೇಲೊಬ್ಬ ವೀಕ್ಷಕರು.

ಪ್ರಶ್ನೆಗಳೆಲ್ಲ ನಾಲ್ಕು ಉತ್ತರಗಳಲ್ಲಿ ಸರಿಯಾದದ್ದನ್ನು ಗುರುತಿಸುವಂಥವು. 2021ರ ನವೆಂಬರ್ 12ರ ಸಮೀಕ್ಷೆಯಲ್ಲಿ ಮೂರನೇ ತರಗತಿಯವರಿಗೆ 47, ಐದನೆಯವರಿಗೆ 53, ಎಂಟನೆಯವರಿಗೆ 60, ಹತ್ತನೆಯವರಿಗೆ 70 ಪ್ರಶ್ನೆಗಳಿದ್ದವು. ಭಾಷೆಗಳು 22. ದೊಡ್ಡ ಮಕ್ಕಳು ಒಎಂಆರ್ ಹಾಳೆಯ ವೃತ್ತಗಳನ್ನು ತಾವೇ ಕಪ್ಪು ಮಾಡುತ್ತಾರೆ; ಚಿಕ್ಕವರು ಪುಸ್ತಿಕೆಯಲ್ಲೇ ಉತ್ತರಕ್ಕೆ ಗುರುತು ಹಾಕಿದರೆ ಸಾಕು, ಅದನ್ನು ಪರಿವೀಕ್ಷಕರು ಹಾಳೆಗೆ ಇಳಿಸುತ್ತಾರೆ. ಎಂಟು ವರ್ಷದ ಮಗು ವೃತ್ತ ತುಂಬಲು ತಡವರಿಸಿ ಸೋತರೆ ಅದು ಗಣಿತದ ಸೋಲಲ್ಲವಲ್ಲ.

ಅಷ್ಟಕ್ಕೇ ಮುಗಿಯುವುದಿಲ್ಲ. ಮಗುವಿಗೊಂದು, ಶಿಕ್ಷಕರಿಗೊಂದು, ಶಾಲೆಗೊಂದು ಎಂದು ಮೂರು ಪ್ರಶ್ನಾವಳಿಗಳಿರುತ್ತವೆ. ಮನೆಯಲ್ಲಿ ಮಾತನಾಡುವ ಭಾಷೆ ಯಾವುದು, ಶಾಲೆಗೆ ಹೇಗೆ ಬರುತ್ತೀಯ, ಶಾಲೆಯಲ್ಲಿ ಗ್ರಂಥಾಲಯ ಇದೆಯೇ, ಶಿಕ್ಷಕರಿಗೆ ತರಬೇತಿ ಸಿಕ್ಕಿದೆಯೇ ಎಂಬಂಥ ಪ್ರಶ್ನೆಗಳು. ನೋಡಲು ಸಾಮಾನ್ಯವಾದರೂ ಸಮೀಕ್ಷೆಯ ಅರ್ಧ ಬೆಲೆ ಇರುವುದು ಇಲ್ಲಿಯೇ. ಮನೆಯಲ್ಲಿ ಲಂಬಾಣಿಯನ್ನೋ ತುಳುವನ್ನೋ ಉರ್ದುವನ್ನೋ ಆಡಿ ಶಾಲೆಯಲ್ಲಿ ಕನ್ನಡ ಓದುವ ಮಗುವಿನ ಉತ್ತರವನ್ನು ಈ ಮಾಹಿತಿಯಿಲ್ಲದೆ ಅಳೆಯುವುದು ಅನ್ಯಾಯವಾಗುತ್ತದೆ.

ಸಂಜೆಗೆ ಪುಸ್ತಿಕೆಗಳೆಲ್ಲ ಮತ್ತೆ ಪೊಟ್ಟಣ ಸೇರಿ ಹೊರಡುತ್ತವೆ. ಶಾಲೆಯಲ್ಲಿ ಒಂದು ಪ್ರತಿಯೂ ಉಳಿಯುವುದಿಲ್ಲ. ತಿಂಗಳುಗಳ ನಂತರ ಜಿಲ್ಲೆಗೊಂದು ವರದಿ, ರಾಜ್ಯಕ್ಕೊಂದು ವರದಿ ಬರುತ್ತದೆ. ‘ನಮ್ಮ ಶಾಲೆ ಎಷ್ಟು ತೆಗೆದುಕೊಂಡಿತು?’ ಎಂದು ಕೇಳುವ ಶಿಕ್ಷಕರಿಗೆ ಅದರಲ್ಲಿ ಉತ್ತರವಿಲ್ಲ. ಇದು ಇಲಾಖೆಯ ಉದಾಸೀನವಲ್ಲ, ವ್ಯವಸ್ಥೆಯೇ ಹಾಗೆ. 30 ಮಕ್ಕಳ ಉತ್ತರ ಜಿಲ್ಲೆಯ ಸಾವಿರಾರು ಮಕ್ಕಳ ಉತ್ತರದೊಡನೆ ಸೇರಿದಾಗಷ್ಟೇ ಅದಕ್ಕೆ ಅರ್ಥ. ಶಾಲೆಯ ಹೆಸರು ಹೊರಬಿದ್ದರೆ ಆಗುವ ಅನಾಹುತ ಏನೆಂಬುದನ್ನು ಜಗತ್ತು ಬಹಳ ಹಿಂದೆಯೇ ಕಂಡಿದೆ.

1862ರಲ್ಲಿ ಇಂಗ್ಲೆಂಡಿನಲ್ಲಿ ರಾಬರ್ಟ್ ಲೋ ಎಂಬ ಮಂತ್ರಿಮಹೋದಯರು ಒಂದು ಪದ್ಧತಿ ತಂದರು. ಇನ್ಸ್‌ಪೆಕ್ಟರು ಶಾಲೆಗೆ ಬಂದು ಓದು, ಬರಹ, ಲೆಕ್ಕಗಳಲ್ಲಿ ಒಂದೊಂದು ಮಗುವನ್ನೂ ಪರೀಕ್ಷಿಸಬೇಕು. ಎಷ್ಟು ಮಕ್ಕಳು ಉತ್ತೀರ್ಣರೋ ಶಾಲೆಗೆ ಅಷ್ಟು ಅನುದಾನ. ‘ಫಲಕ್ಕೆ ತಕ್ಕ ಹಣ’ ಎಂಬ ಈ ನೀತಿ ಕೇಳಲು ಬಲು ನ್ಯಾಯವಾಗಿತ್ತು. ಆದದ್ದೇನು? ಪಾಠವೆಂದರೆ ಇನ್ಸ್‌ಪೆಕ್ಟರು ಕೇಳುವ ಪುಸ್ತಕದ ಉರು ಎಂಬಂತಾಯಿತು. ಕವಿಯೂ ಶಾಲಾ ಇನ್ಸ್‌ಪೆಕ್ಟರೂ ಆಗಿದ್ದ ಮ್ಯಾಥ್ಯೂ ಆರ್ನಾಲ್ಡ್ ಇದನ್ನು ಕಟುವಾಗಿ ವಿರೋಧಿಸಿದರು. ಇದೇ ಪದ್ಧತಿ ಹಡಗು ಹತ್ತಿ ಮದರಾಸು ಪ್ರಾಂತಕ್ಕೂ ಬಂತು. ಬಳ್ಳಾರಿ ಮತ್ತು ದಕ್ಷಿಣ ಕನ್ನಡ ಅಂದು ಆ ಪ್ರಾಂತಕ್ಕೆ ಸೇರಿದ್ದವು. ಇಂಗ್ಲೆಂಡು 1890ರ ದಶಕದಲ್ಲಿ ಅದನ್ನು ಕೈಬಿಟ್ಟಿತು. ‘ಇನ್ಸ್‌ಪೆಕ್ಟರು ಬರುತ್ತಾರೆ’ ಎಂದರೆ ಶಾಲೆಗೆ ಸುಣ್ಣ ಬಳಿಯುವ, ಜಾಣ ಹುಡುಗನನ್ನು ಮುಂದಿನ ಬೆಂಚಿಗೆ ತರುವ ಅಭ್ಯಾಸ ಮಾತ್ರ ನಮ್ಮಲ್ಲಿ ಬಹುಕಾಲ ಉಳಿಯಿತು.

ಅಮೆರಿಕದಲ್ಲಿ ರಾಷ್ಟ್ರೀಯ ಮಾಪನ ಶುರುವಾದಾಗ ಅದಕ್ಕೆ ಕಡಿವಾಣ ಹಾಕಲಾಯಿತು. ಶಿಕ್ಷಣ ತಜ್ಞ ರಾಲ್ಫ್ ಟೈಲರ್ ರೂಪಿಸಿದ ಆ ವ್ಯವಸ್ಥೆ 1969ರಲ್ಲಿ ಆರಂಭವಾಯಿತು. ರಾಜ್ಯಗಳು ತಮ್ಮನ್ನು ಒಂದಕ್ಕೊಂದು ಹೋಲಿಸುವುದನ್ನು ಒಪ್ಪದ ಕಾರಣ ಫಲಿತಾಂಶವನ್ನು ದೊಡ್ಡ ಪ್ರದೇಶಗಳ ಲೆಕ್ಕದಲ್ಲಷ್ಟೇ ಹೇಳಲಾಗುತ್ತಿತ್ತು. ಅಲ್ಲಿ ಇನ್ನೊಂದು ಜಾಣತನವೂ ಇದೆ. ಎಲ್ಲ ಪ್ರಶ್ನೆಗಳನ್ನೂ ಎಲ್ಲರಿಗೂ ಕೊಡುವುದಿಲ್ಲ. ಒಂದೊಂದು ಮಗುವಿಗೆ ಒಂದೊಂದು ತುಂಡು. ಪೂರ್ತಿ ಪ್ರಶ್ನೆಪತ್ರಿಕೆ ಬರೆದ ಮಗುವೇ ಇಲ್ಲದ ಮೇಲೆ ಯಾವ ಮಗುವಿಗೂ ರ್‍ಯಾಂಕ್ ಕೊಡುವ ಪ್ರಶ್ನೆ ಏಳುವುದಿಲ್ಲ. ರಾಜ್ಯವಾರು ಫಲಿತಾಂಶ ಪ್ರಾಯೋಗಿಕವಾಗಿ ಹೊರಬರಲು 1990ರವರೆಗೆ ಕಾಯಬೇಕಾಯಿತು. 2003ರಿಂದ ಕೇಂದ್ರದ ನಿರ್ದಿಷ್ಟ ಅನುದಾನ ಪಡೆಯುವ ರಾಜ್ಯಗಳು ಭಾಗವಹಿಸುವುದು ಕಡ್ಡಾಯವಾಯಿತು. 1983ರಿಂದ ಈ ಕೆಲಸದಲ್ಲಿ ತೊಡಗಿಕೊಂಡ ‘ಎಜುಕೇಷನಲ್ ಟೆಸ್ಟಿಂಗ್ ಸರ್ವಿಸ್’ ಎಂಬ ಸಂಸ್ಥೆಯೇ 2023ರಲ್ಲಿ ನಮ್ಮ ‘ಪರಖ್’ಗೆ ತಾಂತ್ರಿಕ ನೆರವು ನೀಡಲು ಆಯ್ಕೆಯಾಯಿತು.

ನಮ್ಮ ದೇಶದ ಕಥೆ ಸ್ವಲ್ಪ ಅಂಕುಡೊಂಕು. 1970ರ ಆಸುಪಾಸಿನಲ್ಲೇ ಹಿಂದಿ ಭಾಷಿಕ ರಾಜ್ಯಗಳ ಶಾಲೆಗಳು ಅಂತರರಾಷ್ಟ್ರೀಯ ಅಧ್ಯಯನವೊಂದರಲ್ಲಿ ಭಾಗವಹಿಸಿದ್ದವು, ಫಲಿತಾಂಶ ಹೇಳಿಕೊಳ್ಳುವಂತಿರಲಿಲ್ಲ. ಸರ್ವ ಶಿಕ್ಷಾ ಅಭಿಯಾನ ಆರಂಭವಾದಾಗ ಎನ್‌ಸಿಇಆರ್‌ಟಿ 2001-02ರಲ್ಲಿ ಐದನೇ ತರಗತಿಯಿಂದ ರಾಷ್ಟ್ರೀಯ ಸಮೀಕ್ಷೆಯನ್ನು ಶುರುಮಾಡಿತು. ಆಗ ವರದಿ ರಾಜ್ಯಮಟ್ಟದಲ್ಲೇ ನಿಲ್ಲುತ್ತಿತ್ತು. 2017ರ ನವೆಂಬರ್ 13ರಂದು ಅದು ಜಿಲ್ಲೆಗೆ ಇಳಿಯಿತು. ಸುಮಾರು 1.10 ಲಕ್ಷ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ 22 ಲಕ್ಷ ಮಕ್ಕಳು ಅಂದು ಬರೆದರು. 2021ರಲ್ಲಿ ಖಾಸಗಿ ಶಾಲೆಗಳೂ ಸೇರಿ ಮಕ್ಕಳ ಸಂಖ್ಯೆ 34 ಲಕ್ಷಕ್ಕೆ ಏರಿತು. ನಡುವೆ ‘ಪೀಸಾ’ ಎಂಬ ಜಾಗತಿಕ ಪರೀಕ್ಷೆಯ 2009ರ ಸುತ್ತಿಗೆ ತಮಿಳುನಾಡು ಮತ್ತು ಹಿಮಾಚಲ ಪ್ರದೇಶ ಹೋಗಿ, 74 ಪ್ರದೇಶಗಳಲ್ಲಿ ಕಿರ್ಗಿಸ್ತಾನವನ್ನಷ್ಟೇ ಹಿಂದೆ ಹಾಕಿ ಬಂದವು. ಪ್ರಶ್ನೆಗಳು ನಮ್ಮ ಮಕ್ಕಳ ಪರಿಸರಕ್ಕೆ ಹೊಂದುವುದಿಲ್ಲ ಎಂಬ ಸಮಜಾಯಿಷಿ ಬಂತು. 2012, 2015 ಮತ್ತು 2018ರ ಸುತ್ತುಗಳಿಗೆ ಭಾರತ ಹೋಗಲಿಲ್ಲ. ಕನ್ನಡಿ ಸರಿಯಿಲ್ಲ ಎಂದು ತೋರಿದಾಗ ಮುಖ ನೋಡಿಕೊಳ್ಳುವುದನ್ನೇ ಬಿಟ್ಟಂತೆ.

ಮನೆಯ ಕನ್ನಡಿಯಾದರೂ ಸರಿಯಿದೆಯೇ? ಇಲ್ಲಿ ಕರ್ನಾಟಕದ ಉದಾಹರಣೆಯೇ ಸಾಕು. 2017ರ ಸಮೀಕ್ಷೆಯಲ್ಲಿ ರಾಜ್ಯ ಮುಂಚೂಣಿಯ ಸಾಲಿನಲ್ಲಿತ್ತು. ಮರುವರ್ಷ, 2018ರಲ್ಲಿ, ಪ್ರಥಮ್ ಸಂಸ್ಥೆಯ ‘ಅಸರ್’ ಸ್ವಯಂಸೇವಕರು ಗ್ರಾಮೀಣ ಕರ್ನಾಟಕದ ಮನೆಗಳಿಗೆ ಹೋಗಿ ಮಕ್ಕಳ ಪಕ್ಕದಲ್ಲಿ ಕುಳಿತು ಓದಿಸಿದರು. ಮೂರನೇ ತರಗತಿಯ ಐವರಲ್ಲಿ ಸುಮಾರು ಒಬ್ಬರು ಮಾತ್ರ ಎರಡನೇ ತರಗತಿಯ ಪಠ್ಯವನ್ನು ಓದಬಲ್ಲವರಾಗಿದ್ದರು. ಒಂದು ಶಾಲೆಯಲ್ಲಿ ನಡೆಯುವ ಬರಹದ ಪರೀಕ್ಷೆ, ಇನ್ನೊಂದು ಮನೆಯಲ್ಲಿ ನಡೆಯುವ ಮೌಖಿಕ ಪರೀಕ್ಷೆ. ಎರಡನ್ನೂ ನೇರ ತಕ್ಕಡಿಗೆ ಹಾಕಲಾಗದು, ನಿಜ. ಆದರೂ ಒಂದೇ ರೋಗಿಗೆ ಎರಡು ಥರ್ಮಾಮೀಟರು ಇಷ್ಟು ಬೇರೆ ಬೇರೆ ಜ್ವರ ತೋರಿಸಿದರೆ ಡಾಕ್ಟರು ಯೋಚಿಸಲೇಬೇಕಾಗುತ್ತದೆ. 2021ರಲ್ಲಿ ಪ್ರಕಟವಾದ ಸಂಶೋಧನಾ ಲೇಖನವೊಂದು 2017ರ ಸಮೀಕ್ಷೆಯ ರಾಜ್ಯವಾರು ಸರಾಸರಿಗಳು ನಂಬಲಾರದಷ್ಟು ಹೆಚ್ಚಿವೆ, ಅದರ ರಾಜ್ಯಗಳ ಕ್ರಮಾಂಕಕ್ಕೂ ‘ಅಸರ್’ ಕ್ರಮಾಂಕಕ್ಕೂ ಬಹುತೇಕ ಸಂಬಂಧವೇ ಇಲ್ಲ ಎಂದಿತು.

ಹೆಚ್ಚು ಬರಲು ಕಾರಣಗಳನ್ನು ಹುಡುಕುವುದು ಕಷ್ಟವಲ್ಲ. ಮಗುವಿಗೂ ಶಾಲೆಗೂ ಏನೂ ಪಣವಿಲ್ಲದ ಪರೀಕ್ಷೆಯಲ್ಲಿ ಅಧಿಕಾರಿಗಳಿಗೆ ಮಾತ್ರ ಪಣವಿದೆ. 2017-18ರಿಂದ ಕೇಂದ್ರ ಶಿಕ್ಷಣ ಇಲಾಖೆ ರಾಜ್ಯಗಳಿಗೆ ದರ್ಜೆ ನೀಡುವ ಸೂಚ್ಯಂಕ ತಂದಿತು. ಅದರ 1000 ಅಂಕಗಳಲ್ಲಿ 180 ಅಂಕ ಕಲಿಕೆಯ ಫಲಕ್ಕೆ, ಅಂದರೆ ಈ ಸಮೀಕ್ಷೆಯ ಫಲಕ್ಕೆ ಮೀಸಲಾಯಿತು. ರಾಜ್ಯಕ್ಕೆ ದರ್ಜೆ ಬೇಕು; ರಾಜ್ಯವು ಜಿಲ್ಲೆಯನ್ನು, ಜಿಲ್ಲೆಯು ತಾಲ್ಲೂಕನ್ನು, ಬಿಇಒ ಕಚೇರಿಯು ಸಿಆರ್‌ಪಿಯನ್ನು ಕೇಳುತ್ತದೆ. ಕೊನೆಗೆ ಒತ್ತಡ ಬಂದು ಕೂರುವುದು ತರಗತಿಯಲ್ಲಿ. ಸಮೀಕ್ಷೆಗೆ ಮುನ್ನ ಹಲವು ರಾಜ್ಯಗಳಲ್ಲಿ ಮಾದರಿ ಪ್ರಶ್ನೆಪತ್ರಿಕೆ, ಅಣಕು ಪರೀಕ್ಷೆ, ಒಎಂಆರ್ ತುಂಬುವ ತಾಲೀಮುಗಳ ಭರಾಟೆ ನಡೆಯುವುದು ಇದರಿಂದಲೇ. ಯಾವ ಶಾಲೆ ಆಯ್ಕೆಯಾಗುತ್ತದೋ ತಿಳಿಯದಾದ್ದರಿಂದ ಎಲ್ಲ ಶಾಲೆಗಳಿಗೂ ತಾಲೀಮು! ಲೋ ಸಾಹೇಬರ ಕಾಲದ ಉರು ಹೊಡೆಸುವ ಮೇಷ್ಟ್ರು ಇದನ್ನು ಕಂಡಿದ್ದರೆ ಗುರುತು ಹಿಡಿಯುತ್ತಿದ್ದರು.

ನಮ್ಮ ರಾಜ್ಯದ ಚಿಕ್ಕ ಮಕ್ಕಳಿಗೆ ಇದು ಇನ್ನಷ್ಟು ವಿಚಿತ್ರ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಮೊಳೆತ ‘ನಲಿ-ಕಲಿ’ಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು, ಮೆಟ್ಟಿಲು ಮೆಟ್ಟಿಲಾಗಿ, ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ. ಪರೀಕ್ಷೆ ಎಂಬ ಪದಕ್ಕೇ ಅಲ್ಲಿ ಜಾಗವಿಲ್ಲ. ಅಂಥ ಗುಂಪಿನಿಂದ ಮೂರನೆಯವರನ್ನಷ್ಟೇ ಎಬ್ಬಿಸಿ, ಅಪರಿಚಿತರ ಮುಂದೆ ಸಾಲಾಗಿ ಕೂರಿಸಿ, ಎಲ್ಲರಿಗೂ ಒಂದೇ ಗಡಿಯಾರ ತೋರಿಸಿದಾಗ ಮಗು ಕಂಗಾಲಾದರೆ ಆಶ್ಚರ್ಯವೇನು?

ಮಾಪನಕ್ಕೂ ಪರೀಕ್ಷೆಗೂ ನಡುವಣ ಗೆರೆ ಎಷ್ಟು ತೆಳುವೆಂಬುದನ್ನು ರಾಜ್ಯ ನ್ಯಾಯಾಲಯದಲ್ಲೂ ಕಂಡಿತು. 2022-23ರಲ್ಲಿ ಐದು ಮತ್ತು ಎಂಟನೇ ತರಗತಿಗೆ ರಾಜ್ಯಮಟ್ಟದ ಪ್ರಶ್ನೆಪತ್ರಿಕೆ ಕೊಡಲು ಹೊರಟ ಸರ್ಕಾರ ಅದನ್ನು ‘ಮೌಲ್ಯಾಂಕನ’ ಎಂದಿತು. ವಿರೋಧಿಸಿದವರು ಅದನ್ನು ಪಬ್ಲಿಕ್ ಪರೀಕ್ಷೆ ಎಂದರು. ಮರುವರ್ಷ ಇನ್ನಷ್ಟು ತರಗತಿಗಳು ಸೇರಿ ವ್ಯಾಜ್ಯ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋಗಿ, 2024ರ ಏಪ್ರಿಲ್‌ನಲ್ಲಿ ಫಲಿತಾಂಶ ಪ್ರಕಟಣೆಗೆ ತಡೆ ಬಿತ್ತು. ಇದಕ್ಕೆ ವ್ಯತಿರಿಕ್ತವಾಗಿ, 2002ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ರಾಜ್ಯ ಸರ್ಕಾರದೊಡನೆ ಉತ್ತರ ಕರ್ನಾಟಕದ ಕೆಲವು ಜಿಲ್ಲೆಗಳಲ್ಲಿ ನಡೆಸಿದ ಕಲಿಕಾ ಖಾತರಿ ಕಾರ್ಯಕ್ರಮದಲ್ಲಿ ಶಾಲೆಗಳು ತಾವಾಗಿ ಮುಂದೆ ಬಂದು ‘ನಮ್ಮ ಮಕ್ಕಳನ್ನು ಪರೀಕ್ಷಿಸಿ’ ಎನ್ನಬೇಕಿತ್ತು. ಫಲ ಶಾಲೆಗೇ ತಿಳಿಯುತ್ತಿತ್ತು. ಆದರೆ ತಾವಾಗಿ ಬಂದ ಶಾಲೆಗಳನ್ನು ನೋಡಿ ಇಡೀ ಜಿಲ್ಲೆ ಹೀಗೆಯೇ ಇದೆ ಎನ್ನಲಾಗದು. ಮೇಲೆ ಬಂದ ಅಗುಳನ್ನೇ ಹಿಚುಕಿದಂತಾಗುತ್ತದೆ.

ಇಷ್ಟೆಲ್ಲ ಕೊರತೆಗಳ ನಡುವೆಯೂ ಸಮೀಕ್ಷೆ ಹೇಳುವ ಮಾತು ಗಂಭೀರ. 2021ರಲ್ಲಿ ಗಣಿತದ ರಾಷ್ಟ್ರೀಯ ಸರಾಸರಿ 500ಕ್ಕೆ ಮೂರನೇ ತರಗತಿಯಲ್ಲಿ 306, ಐದರಲ್ಲಿ 284, ಎಂಟರಲ್ಲಿ 255. 2024ರ ಸುತ್ತಿನಲ್ಲಿ 99ರವರೆಗಿನ ಸಂಖ್ಯೆಗಳನ್ನು ಏರಿಕೆ ಇಲ್ಲವೇ ಇಳಿಕೆಯ ಕ್ರಮದಲ್ಲಿ ಜೋಡಿಸಬಲ್ಲ ಮೂರನೇ ತರಗತಿಯವರು ಶೇ 55. ಹತ್ತರವರೆಗಿನ ಮಗ್ಗಿ ಬಲ್ಲ ಆರನೇ ತರಗತಿಯವರು ಶೇ 53. ಒಂಬತ್ತನೆಯವರ ಗಣಿತದ ಸರಾಸರಿ ಶೇ 37. ತಾಲೀಮು ಮಾಡಿಸಿದ ಮೇಲೂ ಬಂದ ಅಂಕಿಗಳಿವು ಎಂಬುದನ್ನು ಮರೆಯುವಂತಿಲ್ಲ.

ಈ ವರದಿ ಹೊರಬಂದದ್ದು 2025ರ ಜುಲೈನಲ್ಲಿ. ಅಷ್ಟರಲ್ಲಿ ಹೊಸ ಶೈಕ್ಷಣಿಕ ವರ್ಷ ಶುರುವಾಗಿತ್ತು. ಡಿಸೆಂಬರಿನಲ್ಲಿ ಉತ್ತರ ಗುರುತಿಸಿದ್ದ ಮೂರನೇ ತರಗತಿಯ ಮಕ್ಕಳು ನಾಲ್ಕಕ್ಕೆ ಹೋಗಿದ್ದರು. ಒಂಬತ್ತರವರು ಎಸ್ಸೆಸ್ಸೆಲ್ಸಿ ಪುಸ್ತಕ ತೆರೆದಿದ್ದರು.