ತಂಗಡಿ ಗಿಡವನ್ನು ಬೆಳೆಸುವ ಕ್ರಮ

ಚಿತ್ರದುರ್ಗ, ತುಮಕೂರು, ಕೋಲಾರ ಮುಂತಾದ ಮಳೆ ಕಡಮೆಯಾದ ಸೀಮೆಗಳಲ್ಲಿ ತಂಗಡಿ ಅಥವಾ ಆವರಿಕೆ ಗಿಡವನ್ನು ನೋಡದ ರೈತನಿಲ್ಲ. ಬೇಸಗೆಯಲ್ಲಿ ಹುಲ್ಲೆಲ್ಲ ಒಣಗಿದಾಗಲೂ ಈ ಗಿಡವು ಹಸುರಾಗಿಯೇ ನಿಂತಿರುವುದು. ತಾನಾಗಿ ಹುಟ್ಟುವುದೆಂಬ ಕಾರಣದಿಂದಲೇ ಇದಕ್ಕೆ ಬೆಲೆಯಿಲ್ಲದಂತಾಗಿ, ಸೌದೆಗಾಗಿ ಬೇರುಸಹಿತ ಕೀಳುವವರು ಅನೇಕರು. ಹೀಗೆ ಕಿತ್ತವನಿಗೆ ದೊರೆಯುವುದು ಒಂದೆರಡು ದಿನದ ಸೌದೆ. ಕಳೆದುಹೋಗುವುದು ಬಹುವರ್ಷದ ಗೊಬ್ಬರ.

ಗುರುತು.— ಗಿಡವು ಸಾಮಾನ್ಯವಾಗಿ ೩ ರಿಂದ ೫ ಅಡಿ ಎತ್ತರ ಬೆಳೆಯುವುದು. ಒಂದೊಂದು ಕಡ್ಡಿಯಲ್ಲಿ ೮ ರಿಂದ ೧೨ ಜೊತೆ ಸಣ್ಣ ಎಲೆಗಳಿರುವುವು. ಕಡ್ಡಿಯ ಬುಡದಲ್ಲಿ ಕಿವಿಯಂತೆ ಅಗಲವಾದ ಪುಟ್ಟ ಎಲೆಯೊಂದು ಕಾಣುವುದು. ಹೂ ಹಳದಿ, ಕಾಯಿ ಚಪ್ಪಟೆ ಮತ್ತು ತೆಳು.

ಗುಣ.— ಬೇರು ಆಳಕ್ಕೆ ಇಳಿಯುವುದರಿಂದ ಮೇಲುಮಣ್ಣು ಒಣಗಿದರೂ ಗಿಡವು ಬಾಡದು. ದನಗಳು ಸಾಮಾನ್ಯವಾಗಿ ಇದರ ಎಲೆಯನ್ನು ಮೇಯುವುದಿಲ್ಲವಾದುದರಿಂದ ಕಾವಲಿನ ಖರ್ಚು ಕಡಮೆ. ಕಾಯಿ ಬಿಡುವ ಗಿಡವಾದರೂ, ಹುರುಳಿ ಸೆಣಬುಗಳಂತೆ ಇದರ ಬೇರಿನಲ್ಲಿ ಗಂಟುಗಳಿಲ್ಲ. ಗಾಳಿಯ ಸಾರಜನಕವನ್ನು ಇದು ಹಿಡಿಯಲಾರದು. ಆಳದ ಮಣ್ಣಿನ ಸಾರವನ್ನು ಎಳೆದು ಎಲೆಯಲ್ಲಿ ಕೂಡಿಡುವುದೇ ಇದರ ಉಪಕಾರ. ಆ ಎಲೆಯನ್ನು ಗದ್ದೆಗೆ ಒಯ್ದರೆ ಮಾತ್ರ ಆ ಸಾರವು ಬೆಳೆಗೆ ಸಲ್ಲುವುದು.

ಬಿತ್ತನೆ.— ಕಾಯಿ ಕಂದುಬಣ್ಣಕ್ಕೆ ತಿರುಗಿದ ಮೇಲೆ ಕೊಯ್ದು, ಒಣಗಿಸಿ, ಬೀಜ ತೆಗೆಯತಕ್ಕದ್ದು. ಬೀಜದ ಸಿಪ್ಪೆ ಗಡುಸಾದುದರಿಂದ ಬಿತ್ತುವ ಹಿಂದಿನ ರಾತ್ರಿ ನೀರಿನಲ್ಲಿ ನೆನೆಸುವುದು ಒಳ್ಳೆಯದು. ಮುಂಗಾರು ಮಳೆ ಬಿದ್ದು ನೆಲ ಹದವಾದಾಗ, ಬದುಗಳ ಮೇಲೂ ಬೀಳುನೆಲದಲ್ಲೂ ೩ ಅಡಿಗೊಂದರಂತೆ ಗುಣಿ ಮಾಡಿ, ಗುಣಿಗೆ ಮೂರು ನಾಲ್ಕು ಬೀಜ ಹಾಕಿ ತೆಳುವಾಗಿ ಮಣ್ಣು ಮುಚ್ಚಬೇಕು. ಮೊಳೆತ ಮೇಲೆ ಬಲವಾದ ಒಂದು ಸಸಿಯನ್ನುಳಿಸಿ ಮಿಕ್ಕವನ್ನು ಕೀಳಬೇಕು. ಮೊದಲನೆಯ ವರ್ಷ ಕಳೆ ತೆಗೆಯುವುದೂ ಬೆಂಕಿಯಿಂದ ಕಾಪಾಡುವುದೂ ಅವಶ್ಯ. ನೀರು ನಿಲ್ಲುವ ಸ್ಥಳವು ಇದಕ್ಕೆ ಆಗದು.

ಕಡಿಯುವ ಕ್ರಮ.— ಮೊದಲನೆಯ ವರ್ಷ ಗಿಡವನ್ನು ಮುಟ್ಟಕೂಡದು. ಅನಂತರ ನೆಲದಿಂದ ಒಂದು ಗೇಣು ಬಿಟ್ಟು ಹರಿತವಾದ ಕುಡುಗೋಲಿನಿಂದ ಕೊಯ್ದರೆ ಬುಡದಿಂದ ಹೊಸ ಚಿಗುರುಗಳು ಹೊರಡುವುವು. ಬುಡವನ್ನು ಸೀಳುವುದಾಗಲಿ, ನಿಂತ ಗಿಡದ ತೊಗಟೆಯನ್ನು ಸುತ್ತಲೂ ಸುಲಿಯುವುದಾಗಲಿ ಕೂಡದು.

ತೊಗಟೆಯ ವಿಷಯ.— ಇದರ ತೊಗಟೆಯು ಚರ್ಮ ಹದಮಾಡಲು ಪ್ರಸಿದ್ಧವಾದುದು. ೧೯೧೪-೧೮ ರ ಮಹಾಯುದ್ಧದಲ್ಲಿ ಸೈನಿಕರ ಬೂಟುಗಳಿಗೆ ಬೇಕಾದ ಚರ್ಮವನ್ನು ದಕ್ಷಿಣ ಇಂಡಿಯಾದ ಹದಗಾರರು ಈ ತೊಗಟೆಯಿಂದಲೇ ಬಹುಮಟ್ಟಿಗೆ ಸಿದ್ಧಪಡಿಸಿದರು. ಆಮೇಲೆ ದಕ್ಷಿಣ ಆಫ್ರಿಕದ ವಾಟಲ್ ತೊಗಟೆ ಬಂದು ಇದರ ಬೇಡಿಕೆ ತಗ್ಗಿತು. ಪೇಟೆಯ ಬೆಲೆ ಏರುವುದು, ಇಳಿಯುವುದು. ಎಲೆಯ ಪ್ರಯೋಜನವು ರೈತನ ಕೈಯಲ್ಲೇ ಇರುವುದು.

ಗೊಬ್ಬರವಾಗಿ ಉಪಯೋಗಿಸುವುದು.— ಬತ್ತದ ಗದ್ದೆಯನ್ನು ಕೆಸರು ಮಾಡುವಾಗ ಎಳೆಯ ರೆಂಬೆಗಳನ್ನು ಎಲೆಸಹಿತ ಎಕರೆಗೆ ಸುಮಾರು ೨ ಟನ್ನಿನಂತೆ ಹರಡಿ ತುಳಿಯಿಸಬೇಕು. ನಾಟಿಗೆ ಹತ್ತು ಹದಿನೈದು ದಿನ ಮುಂಚೆಯೇ ಈ ಕೆಲಸ ಮುಗಿದಿರಬೇಕು. ಇಲ್ಲದಿದ್ದರೆ ಕೊಳೆಯುವ ಸೊಪ್ಪಿನಿಂದ ಎಳೆಯ ಪೈರಿಗೆ ತೊಂದರೆಯುಂಟು. ಚೌಳು ನೆಲಕ್ಕೂ ಈ ಸೊಪ್ಪು ಹಿತಕರ. ಸೊಪ್ಪು ಕೊಳೆಯುವಾಗ ಹುಟ್ಟುವ ಆಮ್ಲವು ಮಣ್ಣಿನ ಸುಣ್ಣವನ್ನು ಕರಗಿಸುವುದು. ಆ ಸುಣ್ಣವು ಸೋಡವನ್ನು ಮಣ್ಣಿನಿಂದ ಬಿಡಿಸುವುದು. ಆದರೆ ಬಿಡಿಸಿದ ಉಪ್ಪು ಹೊರಗೆ ಹರಿಯಲು ಬಸಿಗಾಲುವೆಯಿಲ್ಲದಿದ್ದರೆ ಸೊಪ್ಪೊಂದರಿಂದಲೇ ಚೌಳು ಹೋಗದು.

ಗ್ರಾಮದ ಮುಖಂಡರಿಗೆ.— ಎಲ್ಲರ ಗಿಡವೆಂದರೆ ಯಾರೂ ಕಾಯದ ಗಿಡವಾಗುವುದು. ಆದುದರಿಂದ ಊರಿನ ತಂಗಡಿ ನೆಲವನ್ನು ಮೂರು ಭಾಗ ಮಾಡಿ, ವರ್ಷಕ್ಕೊಂದು ಭಾಗವನ್ನು ಮಾತ್ರ ಕೊಯ್ದು, ಮಿಕ್ಕ ಎರಡನ್ನು ಚಿಗುರಲು ಬಿಡುವಂತೆ ಗ್ರಾಮಸ್ಥರೆಲ್ಲರೂ ಒಪ್ಪಂದ ಮಾಡಿಕೊಳ್ಳಬೇಕು. ಕೊಯ್ಯುವ ದಿನವನ್ನು ಮುಂಚಿತವಾಗಿ ಸಾರಿಸಿ, ಸೊಪ್ಪನ್ನು ಎಲ್ಲರಿಗೂ ಹಂಚಬೇಕು. ಗದ್ದೆಗೆ ಸೊಪ್ಪು, ಒಲೆಗೆ ಒಣಗಿದ ಕಡ್ಡಿ, ಬದುವಿಗೆ ಬೇರಿನ ಹಿಡಿತ, ಈ ಮೂರೂ ಒಂದೇ ಗಿಡದಿಂದ ದೊರೆಯುವುವು. ಬೇರನ್ನು ಕಿತ್ತ ಊರಿಗೆ ಮೂರೂ ಇಲ್ಲ.