ಪೋಲಿಷ್ ಕಾವ್ಯದಲ್ಲಿ ಶೋಕ ಮತ್ತು ಶ್ರದ್ಧೆ

ಭಕ್ತಿಕಾವ್ಯವೆಂದರೆ ಸಂಶಯವೇ ಸುಳಿಯದ ಸ್ತುತಿಯೆಂಬ ಭಾವನೆ ಸಾಮಾನ್ಯವಾಗಿ ರೂಢಿಯಲ್ಲಿದೆ. ಆದರೆ ಚಿನ್ನದ ಗುಣವು ಪುಟಕ್ಕಿಟ್ಟಾಗ ತಿಳಿಯುವಂತೆ ಶ್ರದ್ಧೆಯ ಗುಣವು ಶೋಕದಲ್ಲಿ ತಿಳಿಯುತ್ತದೆ. ಯುರೋಪಿನ ಪೋಲೆಂಡ್ ದೇಶದ ಕಾವ್ಯವು ಇದಕ್ಕೊಂದು ಉಜ್ವಲ ನಿದರ್ಶನ.

ಪೋಲಿಷ್ ಕಾವ್ಯಭಾಷೆಗೆ ಭದ್ರವಾದ ತಳಹದಿಯನ್ನು ಹಾಕಿದವನು ಯಾನ್ ಕೊಹನೋವ್‌ಸ್ಕಿ (1530–1584). ಇಟಲಿಯ ಪಾದುವಾ ವಿದ್ಯಾಪೀಠದಲ್ಲಿ ವ್ಯಾಸಂಗ ಮಾಡಿದ ಈತನು ಲ್ಯಾಟಿನ್ ಭಾಷೆಯಲ್ಲಿಯೂ ಕವಿಯೆನಿಸಿದನು; ಕೆಲಕಾಲ ರಾಜನ ಕಾರ್ಯದರ್ಶಿಯಾಗಿದ್ದು, ಬಳಿಕ ಚಾರ್ನೋಲಾಸ್ ಎಂಬ ಹಳ್ಳಿಯಲ್ಲಿ ನೆಲೆಸಿದನು. ಬೈಬಲ್ಲಿನ 150 ಕೀರ್ತನೆಗಳನ್ನು ಪೋಲಿಷ್ ಪದ್ಯಕ್ಕಿಳಿಸಿ 1579ರಲ್ಲಿ ಪ್ರಕಟಿಸಿದನು. ಮರುವರ್ಷವೇ ಹೊರಬಂದ ಕೃತಿ ‘ಟ್ರೆನಿ’, ಎಂದರೆ ಶೋಕಗೀತೆಗಳು. ಮೂರು ವರ್ಷ ತುಂಬುವ ಮೊದಲೇ ತೀರಿಕೊಂಡ ಮಗಳು ಉರ್ಶುಲಾಳನ್ನು ಕುರಿತ 19 ಪದ್ಯಗಳು ಇದರಲ್ಲಿವೆ.

ಅಂದಿನ ಕವಿಸಮಯದಂತೆ ಇಂತಹ ಶೋಕಕಾವ್ಯವು ವೀರರಿಗೂ ಮಹಾಪುರುಷರಿಗೂ ಮೀಸಲು. ಕೊಹನೋವ್‌ಸ್ಕಿಯಾದರೋ ಆ ಗೌರವವನ್ನು ಒಂದು ಹಸುಳೆಗೆ ಸಲ್ಲಿಸಿದನು. ಮಗು ಇನ್ನು ತೊಡದ ಉಡುಪುಗಳು, ಅದರ ನಗೆಯಿಲ್ಲದೆ ಬರಿದಾದ ಮನೆ — ಇವೇ ಇಲ್ಲಿ ಕರುಣರಸದ ಉದ್ದೀಪನಗಳು.

ದುಃಖಕ್ಕೆ ಅಂಜದಿರುವುದೇ ಜ್ಞಾನವೆಂದು ಪ್ರಾಚೀನರ ಗ್ರಂಥಗಳಿಂದ ಕಲಿತಿದ್ದ ಪಂಡಿತನಿಗೆ ಆ ಪಾಠವು ಈಗ ಒದಗಲಿಲ್ಲ. ಅನ್ಯರಿಗೆ ಧೈರ್ಯವನ್ನು ಬೋಧಿಸಿದ ಸಿಸೆರೋ ತಾನೇ ಕಣ್ಣೀರಿಟ್ಟನಲ್ಲವೆ ಎಂದು ಕವಿ ಕೇಳುತ್ತಾನೆ. ಮಗಳು ಎಲ್ಲಿರುವಳೆಂದು ಲೋಕಲೋಕಗಳನ್ನು ಅರಸುತ್ತ, ಆಕೆ ಎಲ್ಲಿಯಾದರೂ ಇರುವಳೋ ಇಲ್ಲವೋ ಎಂಬ ಸಂಶಯವನ್ನೂ ಮುಚ್ಚಿಡದೆ ನುಡಿಯುತ್ತಾನೆ. ಕೀರ್ತನೆಗಳನ್ನು ಅನುವಾದಿಸಿದ ಲೇಖನಿಯೇ ಈ ಸಂಶಯವನ್ನೂ ಬರೆಯಿತೆಂಬುದು ಮನನೀಯ. ಕೊನೆಯ ಭಾಗದಲ್ಲಿ ದೇವರ ಕರುಣೆಯನ್ನು ಬೇಡುವ ಪ್ರಾರ್ಥನೆಯುಂಟು. ಅಂತ್ಯದ ಪದ್ಯದಲ್ಲಿ, ಗತಿಸಿದ ತಾಯಿ ಮಗುವನ್ನೆತ್ತಿಕೊಂಡು ಕನಸಿನಲ್ಲಿ ಕಾಣಿಸಿಕೊಂಡು ಮಗನನ್ನು ಸಂತೈಸುತ್ತಾಳೆ. ತರ್ಕವು ತರಲಾರದ ಸಾಂತ್ವನವನ್ನು ತಾಯಿಯ ವಾತ್ಸಲ್ಯವು ತರುತ್ತದೆ.

ನಾಲ್ಕು ಶತಮಾನಗಳ ತರುವಾಯ ಚೆಸ್ವಾವ್ ಮಿಲೋಷ್ (1911–2004) ಇದೇ ಹಾದಿಯನ್ನು ತುಳಿದನು. ನಾಜಿಗಳ ವಶದಲ್ಲಿದ್ದ ವಾರ್ಸಾ ನಗರದ ಘೋರವನ್ನು ಕಣ್ಣಾರೆ ಕಂಡು, 1951ರಿಂದ ದೇಶಭ್ರಷ್ಟನಾಗಿ ಬಾಳಿದ ಈ ಕವಿ, ಇಳಿವಯಸ್ಸಿನಲ್ಲಿ ಹೀಬ್ರೂ ಭಾಷೆಯನ್ನು ಕಲಿತು ಕೀರ್ತನೆಗಳನ್ನು ಹೊಸದಾಗಿ ಪೋಲಿಷ್ ಭಾಷೆಗೆ ತಂದನು. ಆ ಅನುವಾದವು 1979ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟವಾಯಿತು. 1980ರಲ್ಲಿ ಆತನಿಗೆ ನೊಬೆಲ್ ಪ್ರಶಸ್ತಿ ಸಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ, 1970ರಲ್ಲಿ ಗುಂಡಿಗೆ ಬಲಿಯಾದ ಕಾರ್ಮಿಕರ ನೆನಪಿಗಾಗಿ ಗ್ದಾನ್‌ಸ್ಕ್ ಬಂದರಿನಲ್ಲಿ ನಿಂತ ಸ್ಮಾರಕದ ಮೇಲೆ, ಆತನ ಅನುವಾದದ ಕೀರ್ತನೆಯೊಂದರ ಸಾಲನ್ನು ಕೆತ್ತಲಾಯಿತು. ಒಬ್ಬ ತಂದೆಯ ಮನೆಯಲ್ಲಿ ಮೊರೆಯಾಗಿದ್ದ ವಾಣಿ ಇಲ್ಲಿ ಒಂದು ಜನಾಂಗದ ಮೊರೆಯಾಯಿತು.

ಸಂಶಯವನ್ನು ಅಡಗಿಸಿದ ನುಡಿಯು ಉಪದೇಶವಾದೀತು, ಪ್ರಾರ್ಥನೆಯಾಗದು. ದುಃಖಿತನ ಪ್ರಶ್ನೆಯನ್ನು ಅಪಚಾರವೆಂದು ತಳ್ಳದೆ ತಾಳ್ಮೆಯಿಂದ ಆಲಿಸುವುದೂ ಧರ್ಮವೇ ಎಂಬ ಅರಿವನ್ನು ಈ ಕವಿಗಳು ಸಹೃದಯರಿಗೆ ನೀಡುತ್ತಾರೆ. ಮಕ್ಕಳಿಗೆ ವಿದ್ಯೆಯನ್ನು ಧಾರೆಯೆರೆಯುವವರು ಈ ಅರಿವನ್ನು ಮರೆಯಲಾಗದು.