ಕರ್ಣನ ಕವಚವಲ್ಲ, ಕಳಚುವ ಕವಚ



ನಮ್ಮ ಕ್ಯಾಂಟನ್‌ಗೆ ಹತ್ತಿರದ ವಿಲ್ಲೋ ರನ್‌ನಲ್ಲಿ ಎರಡನೇ ಮಹಾಯುದ್ಧದ ಕಾಲಕ್ಕೆ ಫೋರ್ಡ್ ಕಂಪನಿ 8,600ಕ್ಕೂ ಹೆಚ್ಚು ಬಿ-24 ಬಾಂಬರ್ ವಿಮಾನಗಳನ್ನು ಕಟ್ಟಿತು. ಅವುಗಳ ಮೈ ತೆಳು ಅಲ್ಯೂಮಿನಿಯಂ. ನೆಲದಿಂದ ಹಾರಿಸಿದ ಶೆಲ್ ಪಕ್ಕದಲ್ಲಿ ಸಿಡಿದರೆ ಚೂರುಗಳು ನೇರ ಒಳಗೆ!

ಇಂಗ್ಲೆಂಡಿನಲ್ಲಿದ್ದ ಅಮೆರಿಕದ ಎಂಟನೇ ವಾಯುಪಡೆಯ ವೈದ್ಯ ಮಾಲ್ಕಂ ಗ್ರೋ ಗಾಯಾಳುಗಳನ್ನು ಪರೀಕ್ಷಿಸಿ, ಹೆಚ್ಚಿನ ಗಾಯಗಳು ಕಡಿಮೆ ವೇಗದ ಚೂರುಗಳಿಂದಲೇ ಆದವು ಎಂದು ಕಂಡುಕೊಂಡರು. 1942ರಲ್ಲಿ, ಕತ್ತಿಗೆ ಹೆಸರಾದ ವಿಲ್ಕಿನ್ಸನ್ ಕಂಪನಿಯಿಂದ ಮ್ಯಾಂಗನೀಸ್ ಉಕ್ಕಿನ ತಗಡುಗಳಿದ್ದ ಅಂಗಿ ಮಾಡಿಸಿದರು. ಮುಂದೆ ಸೇನೆಯಲ್ಲಿ ಬಳಕೆಗೆ ಬಂದ ಇಂಥ ಕವಚದ ತೂಕ ಸುಮಾರು 8 ಕಿಲೋ. ವಿಶೇಷವೆಂದರೆ, ಒಂದು ಪಟ್ಟಿ ಎಳೆದರೆ ಇಡೀ ಕವಚ ಕಳಚಿ ಬೀಳುತ್ತಿತ್ತು. ಉರಿಯುವ ವಿಮಾನದಿಂದ ಹಾರಬೇಕಾದವನಿಗೆ ಅದೇ ಜೀವದಾನ. ಕರ್ಣನ ಕವಚ ಮೈಗಂಟಿ ಬಂದದ್ದು. ಇದು ಕ್ಷಣದಲ್ಲಿ ಬಿಡಬೇಕಾದದ್ದು.

1960ರ ದಶಕದಲ್ಲಿ, ವಿಯೆಟ್ನಾಂ ಯುದ್ಧದ ಹೆಲಿಕಾಪ್ಟರ್ ಸಿಬ್ಬಂದಿಗೆ ಸೆರಾಮಿಕ್ ಫಲಕದ ಕವಚ ಬಂತು. ಗಟ್ಟಿ ಸೆರಾಮಿಕ್ ಗುಂಡನ್ನೇ ಪುಡಿಮಾಡುತ್ತದೆ. ಆದರೆ ಗುಂಡು ನಿಂತರೂ ಕವಚ ಒಳಕ್ಕೆ ಉಬ್ಬಿ ಪಕ್ಕೆಲುಬು ಮುರಿಯಬಹುದು. ಅದಕ್ಕೇ ಕವಚದ ಹಿಂದೆ ಜೇಡಿಯಂಥ ಮೆತ್ತನೆ ಮಣ್ಣಿಟ್ಟು ಗುಂಡು ಹೊಡೆದು, ಬಿದ್ದ ಗುಳಿಯನ್ನು ಅಳೆಯುತ್ತಾರೆ. ಅಮೆರಿಕದ ಪೊಲೀಸ್ ಕವಚಗಳಿಗೆ ಮುಖ್ಯ ಮಿತಿ 44 ಮಿ.ಮೀ. ಪೆಟ್ಟನ್ನು ದೇಹ ಎಷ್ಟು ತಾಳುತ್ತದೆಂಬ ಅಧ್ಯಯನ ನಮ್ಮ ಡೆಟ್ರಾಯಿಟ್‌ನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1939ರಲ್ಲೇ ಆರಂಭವಾಗಿತ್ತು. ಕಾರು ಕಂಪನಿಗಳಲ್ಲಿರುವ ನಮ್ಮವರಿಗೆ ಈ ವಿದ್ಯೆ ಹೊಸದೇನಲ್ಲ.

ಪೈಲಟ್‌ನ ಕವಚಕ್ಕೆ ಇನ್ನೂ ಪರೀಕ್ಷೆಗಳಿವೆ. ತೊಟ್ಟಾಗ ಎಲ್ಲ ಸ್ವಿಚ್‌ಗಳಿಗೂ ಕೈ ಎಟಕುತ್ತದೆಯೇ? ಸೀಟ್ ಬೆಲ್ಟ್ ಸರಿಯಾಗಿ ಕೂರುತ್ತದೆಯೇ? ಸೆಕೆಗೆ ತಲೆ ಸುತ್ತುವುದಿಲ್ಲವೇ? ನೀರಿಗೆ ಬಿದ್ದರೆ ತೇಲಬಲ್ಲನೇ? ವಿಮಾನ ರಭಸದಿಂದ ತಿರುಗುವಾಗ, 4 ಜಿ ಒತ್ತಡದಲ್ಲಿ, 8 ಕಿಲೋ 32 ಕಿಲೋ ಆದಂತೆ. ಈ ಒತ್ತಡ ತಾಳುವುದನ್ನು ನಮ್ಮ ಬೆಂಗಳೂರಿನಲ್ಲೂ ಕಲಿಸುತ್ತಾರೆ. 1957ರಲ್ಲಿ ಆರಂಭವಾದ, ಭಾರತೀಯ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ ಪೈಲಟ್‌ಗಳನ್ನು ದೊಡ್ಡ ಸೆಂಟ್ರಿಫ್ಯೂಜ್‌ನಲ್ಲಿ ಕೂರಿಸಿ ಗಿರಗಿರನೆ ತಿರುಗಿಸುತ್ತಾರೆ.

ದಪ್ಪ ಕವಚ ಮಾಡುವುದು ಸುಲಭ. ತೊಟ್ಟವನು ಕೆಲಸ ಮುಗಿಸಿ ಮನೆಗೆ ಬರುವಂಥದ್ದು ಮಾಡುವುದೇ ಕಷ್ಟ. ಮುಂದಿನ ಸಲ ಮಕ್ಕಳನ್ನು ವಿಲ್ಲೋ ರನ್‌ನ ವಿಮಾನ ಮ್ಯೂಸಿಯಂಗೆ ಕರೆದೊಯ್ದಾಗ, ವಿಮಾನದ ಜೊತೆಗೆ ಒಳಗೆ ಕೂತವರ ಕಥೆಯನ್ನೂ ಹೇಳಿ.